ಗೆಸ್ಟ್ ಪ್ಲೇಯರ್: ಊರೂರು ತಿರುಗಿ ಬಾಸ್ಕೆಟ್‌ಬಾಲ್ ಆಡಿದವನ ಕತೆ

ಬಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆಯಬಹುದು ಅಂದರೆ ನಮ್ಮಲ್ಲಿ ಯಾರೂ ನಂಬುವುದಿಲ್ಲ. ನಾನೂ ಪೂರ್ತಿ ನಂಬುವುದಿಲ್ಲ. ಆದರೂ ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ. ಯೂರೋಪಿನಲ್ಲಿ, ಅಮೆರಿಕದಲ್ಲಿ ಈ ವರ್ಷ ಒಂದು ಕ್ಲಬ್, ಮುಂದಿನ ವರ್ಷ ಇನ್ನೊಂದು ಅಂತ ತಿರುಗುತ್ತಾ ಆಡುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಏಜೆಂಟ್ ಇರುತ್ತಾನೆ, ಕಾಂಟ್ರಾಕ್ಟ್ ಇರುತ್ತದೆ, ಸೀಸನ್ ಅಂತ ಒಂದು ಇರುತ್ತದೆ. ನಮಗೆ ಇರುವುದು ಫೋನ್. ಯಾವುದೋ ಊರಿನ ಟೂರ್ನಿ, ಯಾರಿಗೋ ಮಂಡಿ ನೋವು, ತಂಡಕ್ಕೆ ಒಬ್ಬ ಕಡಿಮೆ. ಆಗ ನಮ್ಮ ನೆನಪಾಗುತ್ತದೆ. ಹೀಗೆ ಹೋಗಿ ಆಡಿ ಬರುವವನಿಗೆ ನಮ್ಮ ವಲಯದಲ್ಲಿ ಗೆಸ್ಟ್ ಪ್ಲೇಯರ್ ಅನ್ನುತ್ತಾರೆ.

ನನ್ನ ಊರು ಮಂಡ್ಯದ ಹತ್ತಿರ. ಅಪ್ಪನಿಗೆ ಕಬ್ಬಿನ ಗದ್ದೆ. ಹೈಸ್ಕೂಲಿನಲ್ಲಿದ್ದಾಗ ಒಂದೇ ವರ್ಷದಲ್ಲಿ ಉದ್ದುದ್ದ ಬೆಳೆದೆ. ಪಿ.ಟಿ. ಮೇಷ್ಟ್ರು ಹಿಡಿದುಕೊಂಡು ಹೋಗಿ ಕ್ರೀಡಾ ಇಲಾಖೆಯ ಹಾಸ್ಟೆಲ್ ಸೆಲೆಕ್ಷನ್‌ಗೆ ನಿಲ್ಲಿಸಿದರು. ಅಲ್ಲಿ ಆಟ ನೋಡುವ ಮೊದಲು ಎತ್ತರ ಅಳೆಯುತ್ತಾರೆ, ತೂಕ ನೋಡುತ್ತಾರೆ, ಓಡಿಸುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ. ಅವತ್ತಿಗೆ ನನಗೆ ಡ್ರಿಬಲ್ ಮಾಡಲು ಬರುತ್ತಿರಲಿಲ್ಲ. ಎತ್ತರ ನೋಡಿ ತೆಗೆದುಕೊಂಡರು. ಬೆಳಿಗ್ಗೆ ಐದಕ್ಕೆ ಸೀಟಿ, ಗ್ರೌಂಡು, ಸ್ಕೂಲು, ಮತ್ತೆ ಗ್ರೌಂಡು, ರಾತ್ರಿ ಮುದ್ದೆ. ಹಾಸ್ಟೆಲ್ ದಿನಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬಿಟ್ಟುಬಿಡುತ್ತೇನೆ.

ಒಂದು ಮಾತು ಮಾತ್ರ ಹೇಳಬೇಕು. ಹಾಸ್ಟೆಲ್‌ನಲ್ಲಿ ನಾನು ತಂಡದ ಎತ್ತರದ ಹುಡುಗರಲ್ಲಿ ಒಬ್ಬ. ಹೂಪ್, ಅಂದರೆ ರಿಂಗ್, ಅದರ ಕೆಳಗೆ ನಿಂತು ರಿಬೌಂಡ್ ಹಿಡಿಯುವುದೇ ಕೆಲಸ. ಗುರಿ ತಪ್ಪಿ ವಾಪಸು ಬರುವ ಬಾಲ್‌ಗೆ ರಿಬೌಂಡ್ ಅನ್ನುತ್ತಾರೆ. ಮುಂದೆ ನನ್ನ ಬೆಳವಣಿಗೆ ಆರಡಿ ಎರಡಿಂಚಿಗೆ ನಿಂತಿತು. ರಾಷ್ಟ್ರಮಟ್ಟದಲ್ಲಿ ಆರಡಿ ಎರಡಿಂಚು ಅಂದರೆ ಗಾರ್ಡ್, ರಿಂಗಿನಿಂದ ದೂರ ನಿಂತು ಆಡುವವನು. ಪಂಜಾಬಿನ ಹುಡುಗರು ಆರೂವರೆ, ಆರೂಮುಕ್ಕಾಲು ಅಡಿ ಇರುತ್ತಾರೆ. ಹೂಪ್ ಕೆಳಗಿನ ಆಟ ಕಲಿತವನು ಹೊರಗೆ ಬಂದು ಬಾಲ್ ತರುವ ಆಟ, ದೂರದಿಂದ ಹೊಡೆಯುವ ಆಟ ಹೊಸದಾಗಿ ಕಲಿಯಬೇಕು. ನನ್ನ ವಯಸ್ಸಿನ ಎಷ್ಟೋ ಹುಡುಗರು ಅಲ್ಲೇ ನಿಂತುಹೋದರು. ನಾನು ಡಿಫೆನ್ಸ್ ಹಿಡಿದುಕೊಂಡೆ. ಎದುರು ತಂಡದ ಒಳ್ಳೆಯ ಶೂಟರ್‌ಗೆ ಬೆನ್ನು ಬೀಳುವವನು ಅಂತ ಹೆಸರಾಯಿತು. ಆ ಹೆಸರೇ ಮುಂದೆ ಅನ್ನ ಹಾಕಿತು.

ಡಿಗ್ರಿ ಓದುತ್ತಾ ಬೆಂಗಳೂರಿನ ಕ್ಲಬ್ ಒಂದಕ್ಕೆ ಸೇರಿದೆ. ಬೆಂಗಳೂರಿನ ಬಾಸ್ಕೆಟ್‌ಬಾಲ್ ಅಂದರೆ ಕಂಠೀರವ ಕ್ರೀಡಾಂಗಣದ ಸುತ್ತಮುತ್ತ. ಬೀಗಲ್ಸ್, ಯಂಗ್ ಓರಿಯನ್ಸ್, ವಿಮಾನಪುರ, ರಾಜಮಹಲ್ ಅಂತ ಹಳೆಯ ಕ್ಲಬ್‌ಗಳು ಒಂದು ಕಡೆ. ಬ್ಯಾಂಕ್, ರೈಲ್ವೆ, ಇನ್‌ಕಮ್ ಟ್ಯಾಕ್ಸ್, ಸೇನೆಯ ಎಎಸ್‌ಸಿ ತಂಡಗಳು ಇನ್ನೊಂದು ಕಡೆ. ಕ್ಲಬ್ ಹುಡುಗರು ಆಟ ಮುಗಿಸಿ ಬೈಕ್ ಏರಿ ಮನೆಗೆ ಹೋಗುತ್ತಾರೆ. ಇಲಾಖೆಯವರು ಮಾರನೆಯ ದಿನ ಆಫೀಸಿಗೆ ಹೋಗಿ ಸಹಿ ಹಾಕುತ್ತಾರೆ, ತಿಂಗಳ ಕೊನೆಗೆ ಸಂಬಳ. ಈ ವ್ಯತ್ಯಾಸ ನಮಗೆ ಬೇಗ ಗೊತ್ತಾಗಿಬಿಡುತ್ತದೆ. ಭಾರತದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನ ಗುರಿ ಲೀಗ್ ಅಲ್ಲ, ವಿದೇಶ ಅಲ್ಲ. ಸ್ಪೋರ್ಟ್ಸ್ ಕೋಟಾದ ಕೆಲಸ. ಭಾರತ ತಂಡದ ನಾಯಕನಾಗಿದ್ದ ವಿಶೇಷ್ ಭೃಗುವಂಶಿ ಕೂಡ ಒಎನ್‌ಜಿಸಿಯ ಉದ್ಯೋಗಿ. ಆಟ ಚೆನ್ನಾಗಿದ್ದರೆ ಕೆಲಸ ಸಿಗುತ್ತದೆ, ಕೆಲಸ ಸಿಕ್ಕ ಮೇಲೆ ಆಟ ನಿಶ್ಚಿಂತೆಯಾಗಿ ಸಾಗುತ್ತದೆ. ಕೆಲಸ ಸಿಗದವರು ತಿರುಗುತ್ತಾರೆ. ಅಂದರೆ ನನ್ನಂಥವರು.

ರೈಲ್ವೆ ಟ್ರಯಲ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗಿನ ಹುಡುಗರಿಗೂ ಅದು ಬೇಕಾಗುತ್ತದೆ. ರೈಲ್ವೆಯ ಓಪನ್ ಸ್ಪೋರ್ಟ್ಸ್ ಕೋಟಾಕ್ಕೆ ವಯಸ್ಸು 18ರಿಂದ 25. ಯಾವ ಜಾತಿ-ವರ್ಗಕ್ಕೂ ಸಡಿಲಿಕೆ ಇಲ್ಲ. ಒಟ್ಟು 100 ಅಂಕ. ಆಟದ ಕೌಶಲ, ಫಿಟ್‌ನೆಸ್, ಕೋಚ್ ಅಭಿಪ್ರಾಯ ಎಲ್ಲ ಸೇರಿ 40. ಸಾಧನೆಗೆ 50. ಓದಿಗೆ 10. ಮೊದಲು ಟ್ರಯಲ್ಸ್. 40ಕ್ಕೆ 25 ಬಂದರೆ 'ಫಿಟ್', ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಫಿಟ್ ಆದವರ ಸರ್ಟಿಫಿಕೇಟ್‌ಗಳನ್ನು ಆಮೇಲೆ ಅಳೆಯುತ್ತಾರೆ. ಇಲ್ಲಿ ಗಮನಿಸಿ, ಆಟಕ್ಕಿಂತ ಸಾಧನೆಗೆ ಜಾಸ್ತಿ ಅಂಕ. ಸಾಧನೆ ಹಳೆಯದಾದರೆ ಲೆಕ್ಕಕ್ಕಿಲ್ಲ, ಇತ್ತೀಚಿನ ವರ್ಷಗಳದ್ದೇ ಆಗಬೇಕು. ಬಾಸ್ಕೆಟ್‌ಬಾಲ್ ತಂಡದ ಆಟ. ರಾಜ್ಯ ತಂಡ ನ್ಯಾಷನಲ್ಸ್‌ನಲ್ಲಿ ಸೋತರೆ ನೀವು ಎಷ್ಟೇ ಚೆನ್ನಾಗಿ ಆಡಿದ್ದರೂ ಆ ಅಂಕ ನಿಮಗೆ ಇಲ್ಲ. ಕುಸ್ತಿ ಆಡುವವನಿಗೆ ಈ ತಾಪತ್ರಯ ಇಲ್ಲ ನೋಡಿ.

ಇನ್ನೊಂದು ಕತೆ ಸರ್ಟಿಫಿಕೇಟ್‌ದು. ಟೂರ್ನಿಯಲ್ಲಿ ಕೊಡುವ ಬಣ್ಣದ ಸರ್ಟಿಫಿಕೇಟ್ ಗೋಡೆಗೆ ಹಾಕಲು ಸರಿ. ಕೇಂದ್ರ ಸರ್ಕಾರದ ಕೆಲಸಕ್ಕೆ ನಿಗದಿತ ಫಾರಂ ಬೇಕು. ದೇಶದ ಪರ ಆಡಿದ್ದರೆ ಫಾರಂ 1, ರಾಜ್ಯದ ಪರ ಆಡಿದ್ದರೆ ಫಾರಂ 2, ವಿಶ್ವವಿದ್ಯಾಲಯದ ಪರ ಫಾರಂ 3, ಶಾಲೆಗಳ ರಾಷ್ಟ್ರೀಯ ಕೂಟಕ್ಕೆ ಫಾರಂ 4. ಸಂಬಂಧಪಟ್ಟ ಪದಾಧಿಕಾರಿಯ ಸಹಿ, ಸೀಲು ಇರಬೇಕು. ನಮ್ಮ ಜೊತೆ ಇದ್ದ ಒಬ್ಬ ಹುಡುಗ ಚಿಕ್ಕಂದಿನಿಂದ ಗೆದ್ದ ಸರ್ಟಿಫಿಕೇಟ್‌ಗಳನ್ನೆಲ್ಲ ದಪ್ಪ ಫೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಟೇಬಲ್ ಹಿಂದೆ ಕೂತವರು ಪುಟ ಮಗುಚುತ್ತಾ ಹೋದರು. "ಫಾರಂ ಎರಡು ಎಲ್ಲಪ್ಪಾ?" ಅಂದರು. ಅದೊಂದು ಇರಲಿಲ್ಲ.

ನನ್ನ ಹತ್ತಿರ ಇತ್ತು. ರೈಲ್ವೆ ಟ್ರಯಲ್ಸ್‌ಗೆ ಹುಬ್ಬಳ್ಳಿಗೆ ಹೋಗಿದ್ದೆ. ಗಾರ್ಡ್‌ಗೆ ಒಂದು ಪೋಸ್ಟ್. ಬಂದವರಲ್ಲಿ ಕೇರಳದವರು, ತಮಿಳುನಾಡಿನವರು, ಹರಿಯಾಣದವರು. ಮೊದಲು ಓಟ, ಜಿಗಿತ, ಆಮೇಲೆ ಶೂಟಿಂಗ್, ಕೊನೆಗೆ ಐದೈದು ಜನರ ಪಂದ್ಯ. ಟ್ರಯಲ್ಸ್ ಪಂದ್ಯಕ್ಕೆ ಒಂದು ವಿಚಿತ್ರ ಗುಣ ಇದೆ. ಯಾರೂ ಪಾಸ್ ಕೊಡುವುದಿಲ್ಲ. ಎಲ್ಲರಿಗೂ ಕೆಲಸ ಬೇಕು, ಬಾಲ್ ಒಂದೇ. ಡಿಫೆನ್ಸ್ ಮಾಡುವವನಿಗೆ ಮಾತ್ರ ಇದರಿಂದ ಲಾಭ. ಬಾಲ್ ಸಿಗದಿದ್ದರೂ ಕೆಲಸ ತೋರಿಸಬಹುದು. ಫಿಟ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಕೆಲಸ ಬಂದಿದ್ದು ನ್ಯಾಷನಲ್ಸ್ ಪದಕ ಇದ್ದ ಇನ್ನೊಬ್ಬನಿಗೆ. ನ್ಯಾಯವಾಗಿಯೇ ಬಂತು. ಅವನ ಆಟವೂ ಚೆನ್ನಾಗಿತ್ತು. ಮತ್ತೆ ರೈಲ್ವೆಯ ಬೇರೆ ವಲಯಗಳಿಗೂ ಹೋದೆ, ಬ್ಯಾಂಕ್‌ಗಳ ಸ್ಟೈಪೆಂಡ್ ಆಟಗಾರನಾಗಲು ಚೆನ್ನೈಗೂ ಹೋದೆ. ಸ್ಟೈಪೆಂಡ್ ಅಂದರೆ ತಿಂಗಳಿಗೆ ಇಂತಿಷ್ಟು ಕೊಟ್ಟು ಆಡಿಸುತ್ತಾರೆ, ಮುಂದೆ ಖಾಲಿ ಜಾಗ ಬಂದರೆ ನೋಡೋಣ ಅನ್ನುತ್ತಾರೆ. ನೋಡೋಣ ಅನ್ನುವುದರಲ್ಲೇ ನನಗೆ 25 ದಾಟಿತು.

ಮನೆಯಲ್ಲಿ ಅವ್ವ ಬೇಜಾರಾದಳು. ಅಪ್ಪ ಏನೂ ಅನ್ನಲಿಲ್ಲ. "ಆಡೋದು ಬುಟ್ಬುಡ್ತೀಯಾ?" ಅಂತ ಮಾತ್ರ ಕೇಳಿದರು. ಇಲ್ಲ ಅಂದೆ. "ಸರಿ, ಗದ್ದೆ ಎಲ್ಲೂ ಓಗಲ್ಲ" ಅಂದರು.

ಅಷ್ಟರಲ್ಲಿ ಯುಬಿಎ ಶುರುವಾಗಿತ್ತು. 2015ರಲ್ಲಿ ಬಂದ ಲೀಗ್ ಅದು. ಎಂಟು ತಂಡ. ಬೆಂಗಳೂರು ಬೀಸ್ಟ್, ಚೆನ್ನೈ ಸ್ಲ್ಯಾಮ್, ಪುಣೆ ಪೇಶ್ವಾಸ್, ಪಂಜಾಬ್ ಸ್ಟೀಲರ್ಸ್ ಹೀಗೆ. ಹೆಸರಿಗೆ ಎಂಟು ಊರು, ನಾನು ಆಡಿದಾಗ ಪಂದ್ಯಗಳೆಲ್ಲ ಒಂದೇ ಕಡೆ. ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಠಿಕಾಣಿ. ಬೆಳಿಗ್ಗೆ ತಿಂಡಿಗೆ ಲೈನಿನಲ್ಲಿ ನಿಂತರೆ ಸಂಜೆ ಯಾರನ್ನು ಗಾರ್ಡ್ ಮಾಡಬೇಕೋ ಅವನೇ ಮುಂದೆ ನಿಂತು ಇಡ್ಲಿ ಹಾಕಿಸಿಕೊಳ್ಳುತ್ತಿರುತ್ತಾನೆ. ಇಲಾಖೆ ಕೆಲಸದಲ್ಲಿದ್ದ ನನ್ನ ಕೆಲವು ಗೆಳೆಯರಿಗೆ ಎನ್‌ಒಸಿ, ಅಂದರೆ ಲೀಗ್ ಆಡಲು ಇಲಾಖೆಯ ಒಪ್ಪಿಗೆ ಪತ್ರ, ಸಿಗಲಿಲ್ಲ. ಅದರಿಂದಲೇ ನನ್ನಂಥ ಕೆಲಸ ಇಲ್ಲದವರಿಗೆ ಬಾಗಿಲು ತೆರೆಯಿತು ಅಂತ ನನ್ನ ಅನಿಸಿಕೆ.

ಆ ಲೀಗ್‌ನಲ್ಲಿ ಮೊದಲ ಸಲ ನನ್ನ ಹೆಸರಿರುವ ಕಾಂಟ್ರಾಕ್ಟ್ ಕಾಗದಕ್ಕೆ ಸಹಿ ಹಾಕಿದೆ. ಟ್ಯಾಕ್ಸ್ ಹಿಡಿದು ಉಳಿದದ್ದು ಬ್ಯಾಂಕಿಗೆ ಬಂತು. ಪಾಸ್‌ಬುಕ್ ಎಂಟ್ರಿ ಹಾಕಿಸಿ ಅವ್ವನಿಗೆ ತೋರಿಸಿದೆ. ಅದಕ್ಕಿಂತ ಹೆಚ್ಚಾಗಿ, ಅಮೆರಿಕದ ಕೋಚ್‌ಗಳ ಕೈಯಲ್ಲಿ ವೀಡಿಯೊ ನೋಡುವುದು ಕಲಿತೆ. ಅಲ್ಲಿಯವರೆಗೆ ನಮ್ಮ ಕೋಚ್‌ಗಳು ಪಂದ್ಯ ಸೋತ ಮೇಲೆ ಬೈಯುತ್ತಿದ್ದರು. ಇವರು ಲ್ಯಾಪ್‌ಟಾಪ್ ತೆರೆದು ಒಂದೇ ದೃಶ್ಯವನ್ನು ಹಿಂದೆ ಮುಂದೆ ಓಡಿಸುತ್ತಿದ್ದರು. ಎದುರಾಳಿ ನನ್ನ ದಾರಿಗೆ ಅಡ್ಡ ನಿಂತಾಗ (ಅದಕ್ಕೆ ಸ್ಕ್ರೀನ್ ಅಥವಾ ಪಿಕ್ ಅನ್ನುತ್ತಾರೆ) ನನ್ನ ಎಡಗಾಲು ಎಲ್ಲಿದೆ, ಭುಜ ಯಾವ ಕಡೆ ತಿರುಗಿದೆ ಅಂತ ತೋರಿಸುತ್ತಿದ್ದರು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ.

ಅದೇ 2015ರ ಜೂನ್‌ನಲ್ಲಿ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ ಮ್ಯಾವರಿಕ್ಸ್ 52ನೆಯವನಾಗಿ ಆರಿಸಿತು. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತೀಯ. ಊರಿನಲ್ಲಿ ಪೇಪರ್ ಓದಿದವರೆಲ್ಲ "ನೀನ್ ಯಾವಾಗಪ್ಪಾ ಅಮೆರಿಕಕ್ಕೆ?" ಅಂತ ಕೇಳುತ್ತಿದ್ದರು. ಅವನು ಏಳಡಿ ಎರಡಿಂಚು ಅಂತ ಹೇಳಿ ಸುಸ್ತಾದೆ. 2017ರಲ್ಲಿ ಅಮೃತ್‌ಪಾಲ್ ಸಿಂಗ್ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್‌ಗೆ, ಅಮ್‌ಜ್ಯೋತ್ ಸಿಂಗ್ ಎನ್‌ಬಿಎಯ ಕೆಳಹಂತವಾದ ಜಿ ಲೀಗ್‌ನ ಓಕ್ಲಹೋಮ ಸಿಟಿ ಬ್ಲೂಗೆ, ವಿಶೇಷ್ ಅಡಿಲೇಡ್‌ಗೆ ಅಂತ ಸಾಲಾಗಿ ಸುದ್ದಿ ಬಂತು. ಅವರೆಲ್ಲ ದೇಶದ ತುದಿಯ ಆಟಗಾರರು. 2014ರಲ್ಲಿ ವುಹಾನ್‌ನಲ್ಲಿ ಚೀನಾವನ್ನು 65-58ರಿಂದ ಸೋಲಿಸಿದ ಕಾಲದ ಪೀಳಿಗೆ. ಅಷ್ಟು ಮೇಲಿದ್ದವರಿಗೂ ಹೊರಗೆ ಸಿಕ್ಕಿದ್ದು ಒಂದೆರಡು ಸೀಸನ್, ಕೆಲವು ನಿಮಿಷ. ಇದನ್ನು ಯಾರನ್ನೂ ಹಂಗಿಸಲು ಹೇಳುತ್ತಿಲ್ಲ. ಆಟದ ಮಟ್ಟ ಎಷ್ಟು ಎತ್ತರದಲ್ಲಿದೆ ಅಂತ ನಮಗೆಲ್ಲ ಆಗ ಗೊತ್ತಾಯಿತು, ಅಷ್ಟೆ.

ಯುಬಿಎ 2017ರ ನಂತರ ನಡೆಯಲಿಲ್ಲ. ಮುಂದಿನ ಸೀಸನ್ ಯಾವಾಗ ಅಂತ ಕಾಯುತ್ತಾ ಇದ್ದೆವು, ಸುದ್ದಿಯೇ ಇಲ್ಲ. ಮತ್ತೆ ಫೋನ್ ನಂಬಿಕೊಂಡೆ.

ಗೆಸ್ಟ್ ಆಟದ ರಾಜಧಾನಿ ತಮಿಳುನಾಡು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಕೊಯಮತ್ತೂರಿನ ಪಿಎಸ್‌ಜಿ ಟ್ರೋಫಿ, ತೇನಿ ಜಿಲ್ಲೆಯ ಪೆರಿಯಕುಳಂ ಟೂರ್ನಿ, ಕರೂರಿನ ಟೂರ್ನಿ, ಹೀಗೆ ಬೇಸಿಗೆ ಪೂರ್ತಿ ಆಟ. ಪೆರಿಯಕುಳಂ ಕೊಡೈಕೆನಾಲ್ ಬೆಟ್ಟದ ಬುಡದಲ್ಲಿರುವ ಸಣ್ಣ ಊರು. ಮಾವಿನ ತೋಟಗಳ ಊರು. ಅಲ್ಲಿ ರಾತ್ರಿ ಲೈಟ್ ಹಾಕಿ ಆಡಿಸುತ್ತಾರೆ. ಸುತ್ತ ಗ್ಯಾಲರಿ ತುಂಬ ಜನ. ಲುಂಗಿ ಉಟ್ಟ ತಾತಂದಿರು ಮೊಮ್ಮಕ್ಕಳನ್ನು ಕೂರಿಸಿಕೊಂಡು "ಝೋನ್ ಪೋಡು ಡಾ" ಅಂತ ಕೂಗುತ್ತಾರೆ. ಝೋನ್ ಡಿಫೆನ್ಸ್, ಅಂದರೆ ಆಳಿನ ಬದಲು ಜಾಗ ಕಾಯುವ ಡಿಫೆನ್ಸ್, ಯಾವಾಗ ಹಾಕಬೇಕು ಅಂತ ಹಳ್ಳಿಯ ತಾತನಿಗೆ ಗೊತ್ತಿರುವ ಊರು ಭಾರತದಲ್ಲಿ ಇನ್ನೆಲ್ಲಿದೆ? ಬೆಂಗಳೂರಿನಲ್ಲಿ ಸ್ಟೇಟ್ ಲೀಗ್ ಫೈನಲ್‌ಗೆ ಆಟಗಾರರ ಅಪ್ಪ ಅಮ್ಮಂದಿರೂ ಬರುವುದಿಲ್ಲ.

ಅಂಥ ಕಡೆ ಹೋದವನಿಗೆ ಸಿಗುವುದು ಒಂದು ಸಂಜೆ. ಬೆಳಿಗ್ಗೆ ರೈಲಿಳಿದು, ಮಧ್ಯಾಹ್ನ ಮಲಗಿ ಎದ್ದು, ಸಂಜೆ ತಂಡದ ಜೊತೆ ಅರ್ಧ ಗಂಟೆ ಪ್ರಾಕ್ಟೀಸ್. ಮಾರನೆಯ ದಿನ ಪಂದ್ಯ. ಈ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಅನ್ನುವುದೇ ಗೆಸ್ಟ್ ಪ್ಲೇಯರ್‌ನ ಇಡೀ ವಿದ್ಯೆ. ಶೂಟಿಂಗ್ ಅಲ್ಲ, ಡ್ರಿಬ್ಲಿಂಗ್ ಅಲ್ಲ.

ನಾನು ಮಾಡುತ್ತಿದ್ದುದು ಹೀಗೆ. ಮೊದಲು ತಂಡದ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವನು, ಅವನ ಪಕ್ಕ ಹೋಗಿ ಕೂರುತ್ತಿದ್ದೆ. ಕೋಚ್ ಹತ್ತಿರ ಆಮೇಲೆ. ಕೋಚ್ ಹತ್ತು ಮೂವ್ ಬರೆದು ತೋರಿಸುತ್ತಾರೆ, ಪಂದ್ಯದಲ್ಲಿ ನಡೆಯುವುದು ಮೂರೇ. ಆ ಮೂರು ಯಾವುವು ಅಂತ ಪಾಯಿಂಟ್ ಗಾರ್ಡ್‌ಗೆ ಗೊತ್ತು. ಮೂವ್‌ಗಳ ಹೆಸರು ಊರಿಗೊಂದು ಥರ. ಎತ್ತರದವರಿಬ್ಬರು ಫ್ರೀ ಥ್ರೋ ಗೆರೆಯ ಎರಡು ಮೂಲೆಗೆ ಬಂದು ನಿಲ್ಲುವುದಕ್ಕೆ ಎಲ್ಲರೂ ಹಾರ್ನ್ಸ್ ಅನ್ನುತ್ತಾರೆ. ಅದೇ ಒಂದು ತಂಡದಲ್ಲಿ ಅದಕ್ಕೆ 'ಮದ್ರಾಸ್' ಅನ್ನುತ್ತಿದ್ದರು. ಇನ್ನೊಂದರಲ್ಲಿ ಮುಷ್ಟಿ ಎತ್ತಿ ತೋರಿಸುತ್ತಿದ್ದರು. ಹೆಸರು ಮರೆತರೂ ಪರವಾಗಿಲ್ಲ, ನಾನು ಯಾವ ಮೂಲೆಗೆ ಓಡಬೇಕು ಅಂತ ನೆನಪಿದ್ದರೆ ಸಾಕು.

ಎರಡನೆಯದು, ಪಿಕ್ ಬಂದಾಗ ಏನು ಮಾಡುತ್ತೀರಿ ಅಂತ ಕೇಳುವುದು. ನನ್ನ ಮೇಲೆ ಸ್ಕ್ರೀನ್ ಹಾಕಿದಾಗ ಹಿಂದಿನ ದೊಡ್ಡ ಆಳು ಮುಂದೆ ಬಂದು ತಡೆಯುತ್ತಾನಾ, ಹಿಂದೆಯೇ ನಿಲ್ಲುತ್ತಾನಾ, ಇಬ್ಬರೂ ಅದಲುಬದಲಾಗಬೇಕಾ? ಇದಕ್ಕೆ ಕೋಚ್ ಒಂದು ಉತ್ತರ ಕೊಡುತ್ತಾರೆ. ಆದರೆ ಆ ದೊಡ್ಡ ಆಳಿನ ಮಂಡಿ ನೋಡಿದರೆ ನಿಜವಾದ ಉತ್ತರ ಗೊತ್ತಾಗುತ್ತದೆ. ಎರಡೂ ಮಂಡಿಗೆ ಕ್ಯಾಪ್ ಹಾಕಿದ್ದರೆ ಅವನು ಮುಂದೆ ಬರುವುದಿಲ್ಲ, ನಾನೇ ಸ್ಕ್ರೀನ್ ಮೇಲಿಂದ ಹಾದು ಓಡಬೇಕು.

ಮೂರನೆಯದು, ಮೊದಲ ಕ್ವಾರ್ಟರ್‌ನಲ್ಲಿ ಬಾಲ್ ಕೇಳಬಾರದು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆ ತಂಡದಲ್ಲಿ ವರ್ಷವೆಲ್ಲ ದುಡ್ಡಿಲ್ಲದೆ ಪ್ರಾಕ್ಟೀಸ್ ಮಾಡಿದ ಲೋಕಲ್ ಹುಡುಗ ನನ್ನಿಂದಾಗಿ ಬೆಂಚ್ ಮೇಲೆ ಕೂತಿರುತ್ತಾನೆ. ಅವನ ಅಣ್ಣ, ಮಾವ ಗ್ಯಾಲರಿಯಲ್ಲಿರುತ್ತಾರೆ. ದುಡ್ಡು ತೆಗೆದುಕೊಂಡು ಬಂದವನು ಬಂದ ತಕ್ಷಣ ಎರಡು ಶಾಟ್ ಮಿಸ್ ಮಾಡಿದರೆ ತಂಡ ಕೈಬಿಡುತ್ತದೆ. ಅದೇ ಬಂದ ತಕ್ಷಣ ಎದುರಿನವರ ಶೂಟರ್‌ನನ್ನು ಕಟ್ಟಿಹಾಕಿದರೆ, ಒಂದು ಲೂಸ್ ಬಾಲ್‌ಗೆ ಸಿಮೆಂಟ್ ನೆಲದ ಮೇಲೆ ಬಿದ್ದರೆ, ಆ ಹುಡುಗನೇ ಎದ್ದು ನೀರು ತಂದುಕೊಡುತ್ತಾನೆ. ಮೂರನೆಯ ಕ್ವಾರ್ಟರ್ ಹೊತ್ತಿಗೆ ಬಾಲ್ ತಾನಾಗಿಯೇ ಬರುತ್ತದೆ.

ನೆಲವೂ ಊರಿಗೊಂದು ಥರ. ಮರದ ನೆಲಕ್ಕೆ ಒಂದು ಶೂ, ಸಿಮೆಂಟಿಗೆ ಇನ್ನೊಂದು. ಸಿಮೆಂಟ್ ಮೇಲೆ ಒಳ್ಳೆಯ ಶೂ ಹಾಕಿದರೆ ತಿಂಗಳಲ್ಲಿ ಅಡಿ ಸವೆದು ಹೋಗುತ್ತದೆ. ಬಾಲ್ ಕೂಡ ಹಾಗೆ. ಒಂದು ಕಡೆ ಮೋಲ್ಟನ್, ಇನ್ನೊಂದು ಕಡೆ ನಿವಿಯಾ. ಬೇಸಿಗೆಯ ಸಂಜೆ ರಬ್ಬರ್ ಬಾಲ್ ಬೆವರಿಗೆ ಜಾರುತ್ತದೆ. ಹಾಗಾಗಿ ಪಂದ್ಯಕ್ಕೆ ಮೊದಲು ರಿಂಗಿಗೆ ಬರೀ ಬಾಲ್ ಎಸೆದು ಅದು ಎಷ್ಟು ಗಟ್ಟಿ, ಬೋರ್ಡ್ ಎಷ್ಟು ಅಲುಗುತ್ತದೆ ನೋಡುತ್ತಿದ್ದೆ. ಅಲುಗುವ ಬೋರ್ಡ್‌ನಲ್ಲಿ ಬ್ಯಾಂಕ್ ಶಾಟ್, ಅಂದರೆ ಬೋರ್ಡಿಗೆ ಬಡಿಸಿ ಹಾಕುವ ಶಾಟ್, ನಂಬಬಾರದು.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಪಂದ್ಯಕ್ಕೆ ಇಷ್ಟು ಅಂತಲೋ, ಟೂರ್ನಿಗೆ ಇಷ್ಟು ಅಂತಲೋ ಮಾತಾಗಿರುತ್ತದೆ. ಮೇಲೆ ಟಿಕೆಟ್, ಊಟ, ರೂಮ್. ಕವರಿನಲ್ಲಿ ಹಾಕಿ ಕೊಡುತ್ತಾರೆ. ಬಹಳಷ್ಟು ಜನ ಮರ್ಯಾದೆಯಾಗಿ ಕೊಟ್ಟಿದ್ದಾರೆ. ಫೈನಲ್ ಗೆದ್ದ ರಾತ್ರಿ ಒಬ್ಬ ಹಿರಿಯರು ಮಾತಾಡಿದ್ದಕ್ಕಿಂತ ಜಾಸ್ತಿ ಕೊಟ್ಟು, ಒಂದು ಬುಟ್ಟಿ ಮಾವಿನಹಣ್ಣನ್ನೂ ಬಸ್ಸಿಗೆ ಹಾಕಿಸಿದ್ದರು. ಸೆಮಿಫೈನಲ್ ಸೋತ ಮೇಲೆ ಫೋನ್ ಎತ್ತದವರೂ ಇದ್ದಾರೆ. ಇದಕ್ಕೆಲ್ಲ ರಸೀದಿ ಇಲ್ಲ, ದೂರು ಕೊಡುವ ಜಾಗವೂ ಇಲ್ಲ. ಹಾಗಾಗಿ ಅರ್ಧ ದುಡ್ಡು ಮೊದಲೇ ಕೇಳುವುದು ರೂಢಿಯಾಯಿತು. ಪ್ರಯಾಣವೆಲ್ಲ ಸ್ಲೀಪರ್ ಕ್ಲಾಸ್. ಮೊದಲು ಟೂರ್ನಿಗೆ ಹೋಗುವವರಿಗೆ ಶೇ. 75 ರಿಯಾಯಿತಿ ಇತ್ತು, ಫಾರಂ ತುಂಬಿಸಿ ಸೀಲು ಹಾಕಿಸಿದರೆ ಆಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಅದೂ ನಿಂತಿತು. ಎತ್ತರದವರಿಗೆ ಸ್ಲೀಪರ್‌ನಲ್ಲಿ ಅಪ್ಪರ್ ಬರ್ತೇ ಒಳ್ಳೆಯದು. ಕೆಳಗೆ ಮಲಗಿದರೆ ದಾರಿಗೆ ಚಾಚಿದ ಪಾದಕ್ಕೆ ಚಾಯ್ ಮಾರುವವರಿಂದ ಟಿಟಿಇವರೆಗೆ ಎಲ್ಲರೂ ಡಿಕ್ಕಿ ಹೊಡೆಯುತ್ತಾರೆ.

ಹೊರದೇಶದಲ್ಲಿ ಆಡಿದ್ದು ಒಂದೇ. ಮಾಲ್ಡೀವ್ಸ್. ಅಲ್ಲಿನ ಕ್ಲಬ್‌ಗಳು ಭಾರತದ ಆಟಗಾರರನ್ನು ಕರೆಸಿಕೊಳ್ಳುತ್ತವೆ ಅಂತ ಸೀನಿಯರ್‌ಗಳಿಂದ ಕೇಳಿದ್ದೆ. ತಿರುವನಂತಪುರದಿಂದ ಒಂದು ಗಂಟೆ ಚಿಲ್ಲರೆ ವಿಮಾನ. ಅದಕ್ಕಿಂತ ಕಾಗದದ ಕೆಲಸಕ್ಕೆ ಹಿಡಿದ ಸಮಯ ಜಾಸ್ತಿ. ಒಂದು ದೇಶದ ಆಟಗಾರ ಇನ್ನೊಂದು ದೇಶದ ಕ್ಲಬ್‌ಗೆ ಆಡಬೇಕಾದರೆ ತನ್ನ ದೇಶದ ಫೆಡರೇಷನ್‌ನಿಂದ 'ಲೆಟರ್ ಆಫ್ ಕ್ಲಿಯರೆನ್ಸ್' ತರಬೇಕು. ಇದು ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ. ಎನ್‌ಬಿಎ ಸ್ಟಾರ್ ಆದರೂ ಅಷ್ಟೇ, ಮಂಡ್ಯದವನಾದರೂ ಅಷ್ಟೇ. ಆ ಒಂದು ಪುಟ ಬರುವವರೆಗೆ ಬ್ಯಾಗ್ ಕಟ್ಟಿಕೊಂಡು ಕಾದೆ.

ಮಾಲೆ ಅಂದರೆ ರೆಸಾರ್ಟ್ ಅಲ್ಲ. ಕಿರಿದಾದ ಗಲ್ಲಿ, ತುಂಬ ಸ್ಕೂಟರ್, ಒತ್ತೊತ್ತಾಗಿ ಕಟ್ಟಡ. ಅರ್ಧ ಗಂಟೆ ನಡೆದರೆ ಊರು ಮುಗಿದು ಸಮುದ್ರ. ಆಗಿನ್ನೂ 2018ರ ಸೇತುವೆ ಆಗಿರಲಿಲ್ಲ, ಏರ್‌ಪೋರ್ಟ್‌ನಿಂದ ದೋಣಿಯಲ್ಲೇ ಬರಬೇಕಿತ್ತು. ಪಂದ್ಯಗಳು ಸೋಷಿಯಲ್ ಸೆಂಟರ್ ಅನ್ನುವ ಒಳಾಂಗಣದಲ್ಲಿ, ರಾತ್ರಿ. ತಂಡದ ಹುಡುಗರೆಲ್ಲ ಬೆಳಿಗ್ಗೆ ಆಫೀಸಿಗೆ ಹೋಗುವವರು. ಅವರ ಎತ್ತರ ನನ್ನ ಭುಜಕ್ಕೆ. ಆದರೆ ಓಟ! ಎದುರಿನವರು ಬಾಸ್ಕೆಟ್ ಹಾಕಿ ತಿರುಗುವಷ್ಟರಲ್ಲಿ ಇವರು ಆ ತುದಿಯಲ್ಲಿರುತ್ತಿದ್ದರು. ಅಲ್ಲಿ ನಾನು ಮತ್ತೆ ದೊಡ್ಡ ಆಳಾದೆ. ಹಾಸ್ಟೆಲ್‌ನಲ್ಲಿ ಬಿಟ್ಟಿದ್ದ ಹೂಪ್ ಕೆಳಗಿನ ಆಟ ಮತ್ತೆ ಹೊರಗೆ ತೆಗೆದೆ.

ಬೆಳಿಗ್ಗೆ ತಿಂಡಿಗೆ ಮಸ್ ಹುನಿ. ಟ್ಯೂನಾ ಮೀನನ್ನು ಬಿಡಿಸಿ, ಹಸಿ ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಹಾಕಿ ಕೈಯಲ್ಲೇ ಕಿವುಚುತ್ತಾರೆ. ಜೊತೆಗೆ ರೋಶಿ ಅಂತ ತೆಳು ಚಪಾತಿ. ಮೊದಲ ದಿನ ಮೂಗು ಮುರಿದೆ. ವಾರ ಕಳೆಯುವಷ್ಟರಲ್ಲಿ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದೆ. ಹಿಂದಿ ಸಿನಿಮಾ ನೋಡಿ ಅರ್ಧ ಊರಿಗೆ ಹಿಂದಿ ಬರುತ್ತದೆ. ನನಗೇ ಅಷ್ಟು ಬರುತ್ತಿರಲಿಲ್ಲ.

ಸಂಬಳ ಡಾಲರ್‌ನಲ್ಲಿ ಮಾತಾಗಿತ್ತು. ಮೊದಲ ಕಂತು ಸರಿಯಾಗಿ ಬಂತು. ಕೊನೆಯದು ಬರಲೇ ಇಲ್ಲ. ಕ್ಲಬ್ ಹೆಸರು ಬೇಡ. ಇಂಥದಕ್ಕೆ ಜಿನೀವಾದಲ್ಲಿ ಫಿಬಾದ ಬಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿ ಇದೆ, ಬಿಎಟಿ ಅನ್ನುತ್ತಾರೆ. ದೊಡ್ಡ ಕ್ಲಬ್‌ಗಳ ವಿರುದ್ಧ ಎಷ್ಟೋ ಆಟಗಾರರು ಅಲ್ಲಿ ಕೇಸು ಗೆದ್ದಿದ್ದಾರೆ. ಆದರೆ ಅಲ್ಲಿಗೆ ಹೋಗಬೇಕಾದರೆ ಕಾಂಟ್ರಾಕ್ಟ್‌ನಲ್ಲಿ ಮೊದಲೇ ಅದರ ಷರತ್ತು ಬರೆದಿರಬೇಕು. ನನ್ನದರಲ್ಲಿ ಇರಲಿಲ್ಲ. ಇದ್ದಿದ್ದರೂ ಅಲ್ಲಿ ಕಟ್ಟಬೇಕಾದ ಫೀಸು ನನಗೆ ಬರಬೇಕಾದ ಬಾಕಿಗಿಂತ ಜಾಸ್ತಿ. ಸಾಲ ವಸೂಲಿಗೆ ಸಾಲ ಮಾಡಿ ಹೋದ ಹಾಗೆ. ಬಿಟ್ಟೆ.

ವಾಪಸು ಬಂದಾಗ ಎಲ್ಲ ಕಡೆ 3x3 ಮಾತು. 2018ರಲ್ಲಿ 3ಬಿಎಲ್ ಲೀಗ್ ಬಂತು. ಅರ್ಧ ಕೋರ್ಟ್, ಒಂದೇ ರಿಂಗ್, ತಂಡಕ್ಕೆ ಮೂವರು, ಬದಲಿ ಒಬ್ಬ. ಹತ್ತು ನಿಮಿಷ, ಅಥವಾ ಯಾರು ಮೊದಲು 21 ಮಾಡುತ್ತಾರೋ ಅವರು. ಬಾಲ್ ಸಿಕ್ಕ ಮೇಲೆ ಶಾಟ್ ಹೊಡೆಯಲು 24 ಸೆಕೆಂಡ್ ಬದಲು 12. ಬಾಲ್ ಗಾತ್ರ ಆರನೇ ನಂಬರಿನದು, ತೂಕ ಮಾತ್ರ ನಾವು ಆಡುವ ಮಾಮೂಲಿ ಏಳರದು. ಕೋಚ್ ಬೆಂಚ್‌ನಲ್ಲಿ ಕೂರುವಂತಿರಲಿಲ್ಲ. ಅರ್ಧ ಕೋರ್ಟ್ ಅಲ್ವಾ, ಸುಲಭ ಅಂದುಕೊಂಡು ಇಳಿದವರು ಮೂರನೆಯ ನಿಮಿಷಕ್ಕೆ ಸೊಂಟ ಹಿಡಿದು ನಿಲ್ಲುತ್ತಾರೆ. ಉಸಿರು ಬಿಡಲು ಜಾಗವೇ ಇಲ್ಲ. ಆದರೆ ಡಿಫೆನ್ಸ್ ಮಾಡುವವನಿಗೆ, ಎರಡೂ ಥರದ ಆಟ ಗೊತ್ತಿದ್ದವನಿಗೆ ಅದು ಹೇಳಿ ಮಾಡಿಸಿದ್ದು. ಗಾರ್ಡ್ ಆಗಿಯೂ ದೊಡ್ಡ ಆಳಾಗಿಯೂ ಇದ್ದ ನನ್ನ ಎಡಬಿಡಂಗಿತನ ಅಲ್ಲಿ ಉಪಯೋಗಕ್ಕೆ ಬಂತು. ಸ್ವಲ್ಪ ದಿನ ಚೆನ್ನಾಗಿ ನಡೆಯಿತು. ಆಮೇಲೆ ಕೊರೊನಾ. ಕೋರ್ಟ್‌ಗಳಿಗೆ ಬೀಗ, ಟೂರ್ನಿ ಇಲ್ಲ, ಗೆಸ್ಟ್ ಪ್ಲೇಯರ್‌ಗೆ ಸಂಬಳ ಅಂತೂ ಇಲ್ಲವೇ ಇಲ್ಲ. ಇಲಾಖೆಯ ಗೆಳೆಯರಿಗೆ ತಿಂಗಳು ತಿಂಗಳು ಬರುತ್ತಿತ್ತು. ಹೊಟ್ಟೆಕಿಚ್ಚು ಪಟ್ಟೆ ಅಂತ ಹೇಳಲು ನಾಚಿಕೆ ಇಲ್ಲ. ಗದ್ದೆ ಎಲ್ಲೂ ಹೋಗಿರಲಿಲ್ಲ. ಆ ವರ್ಷ ಕಬ್ಬು ಕಡಿದೆ.

ಬ್ಯಾಂಕಿನಲ್ಲಿ ಬೈಕ್ ಸಾಲ ಕೇಳಿದರೆ ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಹೆಣ್ಣು ನೋಡಲು ಹೋದರೆ ಅಲ್ಲೂ ಅದೇ. "ಹುಡುಗ ಏನ್ ಮಾಡ್ತಾನೆ?" "ಬಾಸ್ಕೆಟ್‌ಬಾಲ್ ಆಡ್ತಾನೆ." "ಅದು ಸರಿ, ಕೆಲ್ಸ?" ನಮ್ಮ ಕಡೆ ಈಗ ಗದ್ದೆ ಇರುವ ಹುಡುಗರಿಗೇ ಹೆಣ್ಣು ಕೊಡುವವರಿಲ್ಲ, ಇನ್ನು ಆಟ ಆಡುವವನಿಗೆ ಯಾರು ಕೊಡುತ್ತಾರೆ? ಕೊನೆಗೆ ನನ್ನನ್ನು ಒಪ್ಪಿದವಳು ಥ್ರೋಬಾಲ್ ಆಡಿದವಳು. ಅವಳಿಗೆ ಫಾರಂ 2 ಅಂದರೇನು ಅಂತ ವಿವರಿಸಬೇಕಾಗಿರಲಿಲ್ಲ.

2022ರಲ್ಲಿ ದೇಶದ ಬಾಸ್ಕೆಟ್‌ಬಾಲ್ ಫೆಡರೇಷನ್ ಬೆಂಬಲದ ಐಎನ್‌ಬಿಎಲ್ ಲೀಗ್ ಶುರುವಾದಾಗ ಬೆಂಗಳೂರು ಕಿಂಗ್ಸ್ ಸೇರಿ ಆರು ನಗರದ ತಂಡಗಳಿದ್ದವು. ನನಗೆ ಅಷ್ಟರಲ್ಲಿ ಮೂವತ್ತು ದಾಟಿತ್ತು. ಈಗಿನ ಹುಡುಗರು ಆರೂಕಾಲು ಅಡಿ ಇದ್ದುಕೊಂಡು ಗಾರ್ಡ್ ಥರ ಬಾಲ್ ತರುತ್ತಾರೆ, ಎಲ್ಲಿಂದ ಬೇಕಾದರೂ ಹೊಡೆಯುತ್ತಾರೆ. ಯೂಟ್ಯೂಬ್ ನೋಡಿ ಕಲಿತದ್ದು. ಡಿಫೆನ್ಸ್ ಮಾತ್ರ ಯೂಟ್ಯೂಬ್‌ನಲ್ಲಿ ಯಾರೂ ನೋಡುವುದಿಲ್ಲ ಅನ್ನುವುದು ನನ್ನ ದೂರು. ನನ್ನ ಪಾದದ ಗಂಟು ಎಷ್ಟು ಸಲ ಉಳುಕಿದೆಯೋ ಲೆಕ್ಕವಿಲ್ಲ. ಟೇಪ್ ಸುತ್ತದೆ ಕೋರ್ಟಿಗೆ ಇಳಿಯುವುದಿಲ್ಲ. ಸುತ್ತುವುದನ್ನು ನಾನೇ ಕಲಿತಿದ್ದೇನೆ. ಪಾದವನ್ನು ತೊಂಬತ್ತು ಡಿಗ್ರಿ ಹಿಡಿದುಕೊಂಡು, ಒಳಗಡೆಯಿಂದ ಶುರುಮಾಡಿ ಹಿಮ್ಮಡಿ ಕೆಳಗೆ ಹಾಯಿಸಿ ಹೊರಗಡೆ ಮೇಲಕ್ಕೆ ಎಳೆಯಬೇಕು. ಉಲ್ಟಾ ಸುತ್ತಿದರೆ ಪಾದ ಒಳಕ್ಕೆ ಹೊರಳುವ ಕಡೆಗೇ ಎಳೆದಂತಾಗುತ್ತದೆ. ಎಷ್ಟೋ ಹುಡುಗರು ಹಾಗೇ ಸುತ್ತಿಕೊಳ್ಳುವುದನ್ನು ನೋಡಿ ಬಿಚ್ಚಿಸಿ ಮತ್ತೆ ಸುತ್ತಿದ್ದೇನೆ.

ಈಗ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಕೋಚ್ ಆಗಿದ್ದೇನೆ. ಸಂಜೆ ಅಪಾರ್ಟ್‌ಮೆಂಟ್ ಮಕ್ಕಳಿಗೆ ಹೇಳಿಕೊಡುತ್ತೇನೆ. ಅಪ್ಪ ಅಮ್ಮಂದಿರು ಎನ್‌ಬಿಎ ಬಗ್ಗೆ ಕೇಳುತ್ತಾರೆ. ನಾನು ಮೊದಲು ಫೈಲ್ ಮಾಡಿಸುತ್ತೇನೆ. ಮಗು ರಾಜ್ಯಕ್ಕೆ ಆಡಿತಾ, ಅದೇ ತಿಂಗಳು ಫಾರಂಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ, ಪದಾಧಿಕಾರಿಗಳು ಬದಲಾದ ಮೇಲೆ ಅಲೆಯಬೇಡಿ ಅನ್ನುತ್ತೇನೆ. ಕೆಲವರಿಗೆ ಇದು ತೀರಾ ಸಣ್ಣ ಮಾತು ಅನಿಸುತ್ತದೆ.

ಬೇಸಿಗೆ ರಜೆ ಬಂದರೆ ಮಾತ್ರ ಈಗಲೂ ಹೊರಡುತ್ತೇನೆ. ಕರೆಯುವವರು ಹಿಂದಿನಷ್ಟು ಕೊಡುವುದಿಲ್ಲ, ನಾನೂ ಹಿಂದಿನಷ್ಟು ಆಡುವುದಿಲ್ಲ. ಎರಡನೆಯ ಕ್ವಾರ್ಟರ್‌ನಲ್ಲಿ ಇಳಿಸಿ, ಅವರ ಶೂಟರ್‌ಗೆ ಐದು ನಿಮಿಷ ಕಾಟ ಕೊಟ್ಟು ಬಾ ಅನ್ನುತ್ತಾರೆ. ಕೊಟ್ಟು ಬರುತ್ತೇನೆ. ರೇಟ್ ಬಗ್ಗೆ ಚೌಕಾಸಿ ಬಿಟ್ಟಿದ್ದೇನೆ. ಷರತ್ತು ಒಂದೇ. ಪಾದಕ್ಕೆ ಯಾರು ಡಿಕ್ಕಿ ಹೊಡೆದರೂ ಚಿಂತೆಯಿಲ್ಲ, ಮಂಡಿ ಅಪ್ಪರ್ ಬರ್ತ್ ಹತ್ತಲು ಒಪ್ಪುವುದಿಲ್ಲ. ಟಿಕೆಟ್ ಮಾಡಿಸುವಾಗ ಲೋವರ್ ನೋಡಿ ಹಾಕಿ ಅನ್ನುತ್ತೇನೆ.